ಹಿಯೆರಿಯಾ ಅರಮನೆ: ಪಟಗಳು ಬೇಡ ಎಂದ 754ರ ಸಭೆ ಕೂತದ್ದು ಇಲ್ಲಿ

ಹಳೇನಕಾಶೆ:

ಕಳೆದ ತಿಂಗಳು ಆಫೀಸ್ ಕೆಲಸಕ್ಕೆ ಇಸ್ತಾಂಬುಲ್‌ಗೆ ಹೋಗಿದ್ದೆ. ಭಾನುವಾರ ಒಂದೇ ದಿನ ಬಿಡುವು. ಜೊತೆಗಿದ್ದವರು ಹಾಗಿಯಾ ಸೋಫಿಯಾ ನೋಡಲು ಹೋದರು. ನಾನು ಎಮಿನೊನುವಿನಲ್ಲಿ ಫೆರ್ರಿ ಹತ್ತಿ ಆಚೆ ದಡದ ಕಡಿಕೊಯ್‌ಗೆ ಹೋದೆ. ಅಲ್ಲಿಂದ ಫೆನೆರ್‌ಬಾಹ್ಚೆ. ಫುಟ್‌ಬಾಲ್ ನೋಡುವವರಿಗೆ ಕ್ಲಬ್‌ನ ಹೆಸರಾಗಿ ಗೊತ್ತಿರುತ್ತದೆ. ಟರ್ಕಿ ಭಾಷೆಯಲ್ಲಿ ದೀಪಸ್ತಂಭದ ತೋಟ ಎಂದು ಅರ್ಥ. ಸಮುದ್ರಕ್ಕೆ ಚಾಚಿಕೊಂಡ ಸಣ್ಣ ಭೂಶಿರ ಅದು. ಪಾರ್ಕ್ ಇದೆ, ಹಳೆಯ ಮರಗಳಿವೆ, ಪಕ್ಕದಲ್ಲೇ ದೋಣಿಗಳು ಸಾಲಾಗಿ ನಿಂತಿರುತ್ತವೆ. ಜನ ಮಕ್ಕಳನ್ನು ಕರೆದುಕೊಂಡು ಬಂದು ಚಹಾ ಕುಡಿಯುತ್ತಾ ಕೂತಿದ್ದರು.

ನಾನು ಹುಡುಕಿಕೊಂಡು ಹೋದದ್ದು ಹಿಯೆರಿಯಾ ಅರಮನೆಯನ್ನು. ಇಲ್ಲಿ ಮೊದಲು ಹೇರಾ ದೇವಿಯ ಗುಡಿ ಇತ್ತು, ಹೆಸರು ಅಲ್ಲಿಂದಲೇ ಬಂತು. 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಇಲ್ಲೊಂದು ಬೇಸಿಗೆ ಅರಮನೆ ಕಟ್ಟಿಸಿದ. ಮಾತೆ ಮರಿಯಳ ಹೆಸರಿನ ಚರ್ಚು, ಬಂದರು, ತೋಟ ಎಲ್ಲ ಇತ್ತು. ಅವನ ರಾಣಿ ಥಿಯೊಡೊರಾಗೆ ಈ ಜಾಗ ತುಂಬಾ ಇಷ್ಟ. ಈಗ ಅರಮನೆಯದು ಎಂದು ಕೈತೋರಿಸಿ ಹೇಳುವಂಥ ಒಂದು ಗೋಡೆಯೂ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೂ ಒಂದು ಗಂಟೆ ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆ.

ಯಾಕೆ ಅಂದರೆ, 754ರ ಫೆಬ್ರವರಿ 10ರಿಂದ ಆಗಸ್ಟ್‌ವರೆಗೆ, ಆರು ತಿಂಗಳು, 338 ಬಿಷಪ್‌ಗಳು ಈ ಅರಮನೆಯಲ್ಲಿ ಕೂತಿದ್ದರು. ಕರೆಸಿದವನು ಬೈಜಾಂಟಿಯಮ್ ಸಾಮ್ರಾಜ್ಯದ ಚಕ್ರವರ್ತಿ 5ನೇ ಕಾನ್‌ಸ್ಟಂಟೈನ್. ಈಗಿನ ಇಸ್ತಾಂಬುಲ್ ಆಗ ಅವನ ರಾಜಧಾನಿ ಕಾನ್‌ಸ್ಟಾಂಟಿನೋಪಲ್. ಅವರ ಮುಂದಿದ್ದ ಪ್ರಶ್ನೆ ಒಂದೇ. ಯೇಸುವಿನ ಚಿತ್ರ ಬರೆಯಬಹುದೋ, ಬಾರದೋ? ಬರೆಯಬಾರದು ಎಂದು ಅವರು ತೀರ್ಮಾನ ಮಾಡಿದರು. ಅದರ ಬಿಸಿ ಮುಂದಿನ 90 ವರ್ಷ ಆರಲಿಲ್ಲ.

ನನಗೆ ಕಾಡುವುದು ಆ ಜಾಗ. ಇದು ಚರ್ಚಿನ ಪ್ರಶ್ನೆ. ಆದರೆ ಉತ್ತರ ಹುಡುಕಿದ್ದು ದೊರೆಯ ಮನೆಯಲ್ಲಿ. ಊರಿನ ಗದ್ದಲದಿಂದ ದೂರ, ನಡುವೆ ನೀರು, ದೊರೆಯ ಊಟ, ದೊರೆಯ ಕಾವಲು. ಅಂಥ ಕಡೆ ಕೂತ ಬಿಷಪ್ ದೊರೆಗೆ ಎದುರು ಮಾತಾಡುವುದು ಹೇಗೆ? ಮುಂದೆ ಈ ಸಭೆಯ ತೀರ್ಮಾನ ಬಿದ್ದುಹೋದದ್ದಕ್ಕೆ ಅದು ಅರಮನೆಯಲ್ಲಿ ನಡೆದದ್ದೇ ಕಾರಣ ಅಂತ ನನಗೆ ಅನಿಸುತ್ತದೆ. ಓದಿದವರು ಹೇಳಿ.

ಕರಾವಳಿಹುಡುಗಿ:

ಅಣ್ಣ, ತುಂಬಾ ಚೆನ್ನಾಗಿ ಬರೆದಿದ್ದೀರಿ. ನನಗೆ ಈ ವಿಷಯ ಏನೂ ಗೊತ್ತಿಲ್ಲ, ಆದರೂ ಕೇಳುತ್ತೇನೆ. ನಮ್ಮ ಮನೆಯಲ್ಲಿ ನಿತ್ಯಾಧಾರ ಮಾತೆಯ ಪಟ ಇದೆ. ಬಂಗಾರದ ಬಣ್ಣದ ಹಿನ್ನೆಲೆ, ಮಾತೆಯ ಕೈಯಲ್ಲಿ ಬಾಲ ಯೇಸು, ಮಗುವಿನ ಕಾಲಿನ ಚಪ್ಪಲಿ ಒಂದು ಕಳಚಿ ನೇತಾಡುತ್ತಿದೆ. ಅಜ್ಜಿ ಬುಧವಾರ ನೊವೇನಾ ಪ್ರಾರ್ಥನೆ ತಪ್ಪಿಸುವುದಿಲ್ಲ. ಪಟದ ಮೇಲೆ ಅರ್ಥವಾಗದ ಅಕ್ಷರಗಳಿವೆ, ಅದು ಗ್ರೀಕ್ ಅಂತ ಯಾರೋ ಹೇಳಿದ್ದರು. ಈ ಸಭೆಯ ಮಾತು ನಿಂತಿದ್ದರೆ ಇಂಥ ಪಟಗಳೇ ಇರುತ್ತಿರಲಿಲ್ಲವಾ? ಅವರಿಗೆ ಪಟದ ಮೇಲೆ ಅಷ್ಟು ಸಿಟ್ಟು ಯಾಕೆ?

ಗ್ರೀಕ್_ಕಲಿತವ:

ತಂಗಿ, ನಿಮ್ಮ ಪ್ರಶ್ನೆ ನೇರವಾಗಿ ವಿಷಯಕ್ಕೇ ಬಂತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಅವರು ಸುಮ್ನೆ ಸಿಟ್ಟಿನಿಂದ ಹೇಳಿದವರಲ್ಲ. ಅವರ ವಾದ ಗಟ್ಟಿಯಾಗಿತ್ತು. ಹಿಯೆರಿಯಾದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಕಾಲ್ಸೆಡನ್ ಎಂಬ ಊರಿತ್ತು. ಹಳೇನಕಾಶೆ ಅವರು ಫೆರ್ರಿಯಿಂದ ಇಳಿದ ಕಡಿಕೊಯ್ ಅದೇ ಊರು. ಅಲ್ಲಿ 451ರಲ್ಲಿ ಇನ್ನೊಂದು ಮಹಾಸಭೆ ನಡೆದಿತ್ತು. ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ, ಆದರೆ ವ್ಯಕ್ತಿ ಒಬ್ಬನೇ, ಎರಡನ್ನೂ ಕಲಸಬಾರದು, ಬೇರೆಯೂ ಮಾಡಬಾರದು ಎಂದು ಅಲ್ಲಿ ನಿಶ್ಚಯವಾಗಿತ್ತು.

ಹಿಯೆರಿಯಾದವರು ಇದನ್ನೇ ಹಿಡಿದುಕೊಂಡರು. ಚಿತ್ರಗಾರ ಯೇಸುವಿನ ಮುಖ ಬರೆಯುತ್ತಾನೆ. ಏನು ಬರೆದ? ದೇವರನ್ನೂ ಸೇರಿಸಿ ಬರೆದೆ ಅಂದರೆ, ಮೇರೆ ಇಲ್ಲದ ದೇವರನ್ನು ಒಂದು ಹಲಗೆಯೊಳಗೆ ಹಿಡಿದಿಟ್ಟೆ ಅಂದ ಹಾಗಾಯಿತು, ಎರಡನ್ನೂ ಕಲಸಿದ. ಇಲ್ಲ, ಮನುಷ್ಯನನ್ನು ಮಾತ್ರ ಬರೆದೆ ಅಂದರೆ, ಮನುಷ್ಯನನ್ನು ದೇವರಿಂದ ಬೇರೆ ಮಾಡಿದ. ಹೇಗೆ ನೋಡಿದರೂ ಕಾಲ್ಸೆಡನ್ನಿನ ಮಾತಿಗೆ ತಪ್ಪಿದ. ಹಾಗಾದರೆ ಯೇಸುವಿಗೆ ನಿಜವಾದ ರೂಪ ಯಾವುದು? ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿ ಮತ್ತು ದ್ರಾಕ್ಷಾರಸ, ಅದನ್ನು ಅವನೇ ಕೊಟ್ಟದ್ದು, ಅದೊಂದೇ ಸಾಕು ಎಂದರು. ಈ ವಾದದ ಬೇರು ಚಕ್ರವರ್ತಿಯದೇ. ಅವನು ಖುದ್ದಾಗಿ ಕೂತು ಈ ವಿಷಯದ ಮೇಲೆ ಬರೆದಿದ್ದ.

ಇನ್ನೊಂದು ಮಾತು ನಿಮ್ಮ ಅಜ್ಜಿಗೆ ಹೇಳಿ. ಅದೇ ಸಭೆ, ಮಾತೆ ಮರಿಯಳ ಮತ್ತು ಸಂತರ ಪ್ರಾರ್ಥನೆಯ ಸಹಾಯ ಬೇಡದವನು ಚರ್ಚಿನವನಲ್ಲ ಎಂದೂ ತೀರ್ಮಾನಿಸಿತು. ಅಂದರೆ ಅಜ್ಜಿಯ ಪ್ರಾರ್ಥನೆಗೆ ಅವರ ಅಡ್ಡಿ ಇಲ್ಲ, ಎದುರಿಗಿರುವ ಪಟಕ್ಕೆ ಮಾತ್ರ.

ಕರಾವಳಿಹುಡುಗಿ:

ಇದು ಗೊತ್ತೇ ಇರಲಿಲ್ಲ. ಪಟ ಬೇಡ ಅಂದವರು ಮಾತೆಯನ್ನೂ ಬೇಡ ಅಂದಿರಬೇಕು ಅಂದುಕೊಂಡಿದ್ದೆ. ಹಾಗಾದರೆ ಎದುರಿನವರು ಏನು ಉತ್ತರ ಕೊಟ್ಟರು? ಆ ವಾದಕ್ಕೆ ಉತ್ತರ ಕೊಡುವುದು ಕಷ್ಟ ಅಲ್ವಾ?

ಗ್ರೀಕ್_ಕಲಿತವ:

ಕಷ್ಟವೇ. ಆದರೆ ಉತ್ತರ ಆಗಲೇ ಇತ್ತು. ಡಮಾಸ್ಕಸ್ಸಿನ ಯೋಹಾನ ಎಂಬ ಸನ್ಯಾಸಿ ಅರಬ್ ಖಲೀಫರ ನಾಡಿನಲ್ಲಿದ್ದ, ಚಕ್ರವರ್ತಿಯ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅವನ ಮಾತು ಸರಳ. ಕಾಣದ ದೇವರನ್ನು ಯಾರೂ ಬರೆಯಲಾರರು, ನಿಜ. ಆದರೆ ದೇವರು ಮೈ ತಳೆದು ಬಂದ ಮೇಲೆ, ಕಣ್ಣಿಗೆ ಕಂಡವನನ್ನು ಬರೆಯಬಹುದು. ಬರೆಯಬಾರದು ಅಂದರೆ ಅವನು ನಿಜವಾಗಿ ಮನುಷ್ಯನಾದದ್ದನ್ನೇ ಅಲ್ಲಗಳೆದ ಹಾಗೆ. ಪಟಕ್ಕೆ ತೋರುವ ಗೌರವ ಹಲಗೆಗೆ ಅಲ್ಲ, ಪಟದಲ್ಲಿರುವವನಿಗೆ ಸಲ್ಲುತ್ತದೆ.

ಹಿಯೆರಿಯಾ ಸಭೆ ಅವನನ್ನು ಹೆಸರು ಹಿಡಿದು ಶಪಿಸಿತು. ಆಗ ಅವನು ಬದುಕಿರಲಿಲ್ಲ.

ಪ್ರಶ್ನೆಗಾರ:

ಹಳೇನಕಾಶೆ ಸರ್, ಬರಹ ಇಷ್ಟವಾಯಿತು, ಆದರೆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಅರಮನೆಯಲ್ಲಿ ಕೂತದ್ದೇ ದೋಷ ಆದರೆ ಬೇರೆ ಸಭೆಗಳ ಕಥೆ ಏನು? 325ರಲ್ಲಿ ನೈಸಿಯಾದ ಮೊದಲ ಮಹಾಸಭೆ ಸೇರಿದ್ದು ಅರಮನೆಯ ಹಾಲ್‌ನಲ್ಲೇ. ಚಕ್ರವರ್ತಿ ಕಾನ್‌ಸ್ಟಂಟೈನ್ ಅಲ್ಲಿಗೆ ಬಂದು ಕೂತಿದ್ದ. 680-681ರ ಆರನೇ ಮಹಾಸಭೆ ಕಾನ್‌ಸ್ಟಾಂಟಿನೋಪಲ್‌ನ ದೊಡ್ಡ ಅರಮನೆಯ ಗುಮ್ಮಟದ ಹಾಲ್‌ನಲ್ಲಿ ನಡೆಯಿತು, ಟ್ರುಲ್ಲೋ ಎನ್ನುತ್ತಾರೆ. ಅದರ ತೀರ್ಮಾನವನ್ನು ರೋಮ್ ಕೂಡ ಒಪ್ಪಿತು. ಯಾರೂ ಅದನ್ನು ಅರಮನೆ ಸಭೆ ಎಂದು ತಳ್ಳಿಹಾಕಲಿಲ್ಲ. ಬೈಜಾಂಟಿಯಮ್‌ನಲ್ಲಿ ಮಹಾಸಭೆ ಕರೆಯುವ ಹಕ್ಕು ಚಕ್ರವರ್ತಿಯದೇ ಆಗಿತ್ತು. ಬಂದವರಿಗೆ ಗಾಡಿ, ಊಟ, ವಸತಿ ಎಲ್ಲ ಸರ್ಕಾರದ್ದು. ನಮ್ಮ ಈಗಿನ ಕಣ್ಣಿನಿಂದ ನೋಡಿ ದೊರೆ ಬೇರೆ, ಧರ್ಮ ಬೇರೆ ಅಂದರೆ ಆ ಕಾಲದವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಹಾಗಾದರೆ ಹಿಯೆರಿಯಾ ಯಾಕೆ ಬಿತ್ತು? ಬಂದವರನ್ನು ಎಣಿಸಬೇಡಿ, ಬಾರದವರನ್ನು ನೋಡಿ. ಆಗ ಚರ್ಚಿಗೆ ಐದು ದೊಡ್ಡ ಪೀಠಗಳಿದ್ದವು: ರೋಮ್, ಕಾನ್‌ಸ್ಟಾಂಟಿನೋಪಲ್, ಅಲೆಕ್ಸಾಂಡ್ರಿಯಾ, ಆಂಟಿಯೋಕ್, ಜೆರುಸಲೇಮ್. ರೋಮಿನ ಪೋಪ್ ಬರಲಿಲ್ಲ, ಪ್ರತಿನಿಧಿಯನ್ನೂ ಕಳಿಸಲಿಲ್ಲ. ಕೊನೆಯ ಮೂರು ಅರಬರ ಆಳ್ವಿಕೆಯಲ್ಲಿದ್ದವು, ಅಲ್ಲಿಂದಲೂ ಯಾರೂ ಇಲ್ಲ. ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್, ಅಂದರೆ ಆ ಪೀಠದ ಮುಖ್ಯಸ್ಥ, ಅನಸ್ತಾಸಿಯಸ್ ಸಭೆಗೆ ಮೊದಲೇ ತೀರಿಕೊಂಡಿದ್ದ, ಪೀಠ ಖಾಲಿ. 338 ಜನ ಇದ್ದರು, ಐದು ಪೀಠಗಳಲ್ಲಿ ಒಂದೂ ಇರಲಿಲ್ಲ. ಎಫೆಸಸ್ಸಿನ ಬಿಷಪ್ ಥಿಯೊಡೋಸಿಯಸ್ ಮುಂದೆ ನಿಂತು ಸಭೆ ನಡೆಸಿದ. ಅವನೂ ಹಿಂದಿನ ಚಕ್ರವರ್ತಿಯೊಬ್ಬನ ಮಗ. ಇಷ್ಟಿದ್ದೂ ತಾವು ಇಡೀ ಜಗತ್ತಿನ ಏಳನೇ ಮಹಾಸಭೆ ಎಂದು ಕರೆದುಕೊಂಡರು. 787ರಲ್ಲಿ ನೈಸಿಯಾದಲ್ಲಿ ಸಭೆ ಸೇರಿ ಹಿಯೆರಿಯಾವನ್ನು ಖಂಡಿಸಿದ ಎದುರಿನವರು ಹಿಡಿದದ್ದು ಇದನ್ನೇ. ಉಳಿದವರು ಒಪ್ಪದ ಸಭೆ ಜಗತ್ತಿನ ಸಭೆ ಹೇಗಾದೀತು ಎಂದು ಕೇಳಿದರು.

ಹಳೇನಕಾಶೆ:

ಪ್ರಶ್ನೆಗಾರ ಸರ್, ಟ್ರುಲ್ಲೋ ವಿಷಯ ನನಗೆ ಹೊಳೆದಿರಲಿಲ್ಲ. ನಿಮ್ಮ ಮಾತು ಸರಿ, ಅರಮನೆ ಅನ್ನುವುದೊಂದೇ ಕಾರಣ ಆಗಲಾರದು. ಐದೂ ಪೀಠ ಖಾಲಿ ಅನ್ನುವುದನ್ನು ಓದಿ ಒಂದು ಕ್ಷಣ ಸುಮ್ಮನೆ ಕೂತೆ.

ಆದರೂ ಒಂದು ಸಣ್ಣ ಗೆರೆ ಎಳೆಯುತ್ತೇನೆ. ಟ್ರುಲ್ಲೋ ಊರೊಳಗಿನ ಅರಮನೆ. ಜನ ಬಾಗಿಲಲ್ಲೇ ಇರುತ್ತಾರೆ, ಒಳಗಿನ ಸುದ್ದಿ ಸಂಜೆಗೆ ಮಾರುಕಟ್ಟೆಗೆ ಮುಟ್ಟುತ್ತದೆ. ಹಿಯೆರಿಯಾ ನೀರಿನ ಆಚೆ. ಆರು ತಿಂಗಳು ಅಲ್ಲಿ ಮಾತಾಡಿ, ಕೊನೆಯ ದಿನ ಆಗಸ್ಟ್ 8ಕ್ಕೆ ಮಾತ್ರ ಎಲ್ಲರೂ ದಾಟಿ ಬಂದು ಬ್ಲಾಕರ್ನೆಯ ಚರ್ಚಿನಲ್ಲಿ ಸೇರಿದರು. ಅಲ್ಲಿ ಚಕ್ರವರ್ತಿ ತಾನೇ ಹೊಸ ಪೇಟ್ರಿಯಾರ್ಕ್‌ನ ಹೆಸರು ಕೂಗಿದ, ಅವನೂ ಕಾನ್‌ಸ್ಟಂಟೈನ್. ಅದೇ ತಿಂಗಳ 27ಕ್ಕೆ ಊರ ಚೌಕದಲ್ಲಿ ತೀರ್ಮಾನ ಓದಿಸಿದರು. ಊರಿನ ಜನರಿಗೆ ಸಿಕ್ಕಿದ್ದು ಮುಗಿದ ಮಾತು. ಈ ದೂರ ಬೇಕೆಂದೇ ಆರಿಸಿದ್ದು ಅಂತ ನನ್ನ ಅನಿಸಿಕೆ. ಅಲ್ಲಿ ಕೂತು ಆ ನೀರನ್ನು ನೋಡಿದ ಮೇಲೆ ಅದು ಇನ್ನೂ ಗಟ್ಟಿಯಾಯಿತು.

ಆ ಹೊಸ ಪೇಟ್ರಿಯಾರ್ಕ್‌ನ ಪಾಡು ನೆನೆದರೆ ಸಂಕಟವಾಗುತ್ತದೆ. 766ರಲ್ಲಿ ಅದೇ ಚಕ್ರವರ್ತಿ ಅವನನ್ನು ಪೀಠದಿಂದ ಇಳಿಸಿದ. ಮರುವರ್ಷ ತಲೆ ಕಡಿಸಿದ.

ನಾಣ್ಯಪೆಟ್ಟಿಗೆ:

ನಾನು ಹಳೆಯ ನಾಣ್ಯಗಳ ಬಗ್ಗೆ ಓದುವವನು, ಆ ಕಡೆಯಿಂದ ಒಂದು ಮಾತು.

ಪ್ರಶ್ನೆಗಾರರು ಹೇಳಿದ ಅದೇ ಗುಮ್ಮಟದ ಹಾಲ್‌ನಲ್ಲಿ 692ರಲ್ಲಿ ಇನ್ನೊಂದು ಸಭೆ ಕೂತಿತ್ತು. ಅದು ಬರೆದ 102 ನಿಯಮಗಳಲ್ಲಿ 82ನೆಯದು, ಯೇಸುವನ್ನು ಕುರಿಮರಿಯ ಗುರುತಿನಲ್ಲಿ ಬರೆಯಬೇಡಿ, ಮನುಷ್ಯನ ರೂಪದಲ್ಲೇ ಬರೆಯಿರಿ ಎನ್ನುತ್ತದೆ. ಸುಮಾರು ಅದೇ ಹೊತ್ತಿಗೆ 2ನೇ ಜಸ್ಟಿನಿಯನ್ ತನ್ನ ಚಿನ್ನದ ನಾಣ್ಯದ ಮೇಲೆ ಯೇಸುವಿನ ಮುಖ ಅಚ್ಚು ಹಾಕಿಸಿದ. ತಾನು ಹಿಂಬದಿಗೆ ಹೋಗಿ ಶಿಲುಬೆ ಹಿಡಿದು ನಿಂತ. ಸುಮಾರು ನಾಲ್ಕೂವರೆ ಗ್ರಾಂ ಚಿನ್ನ, ಅದರ ಮೇಲೆ ಆ ಮುಖ. ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಮೇಲೆ 717ರಲ್ಲಿ 3ನೇ ಲಿಯೋ ಬಂದ, ಹಿಯೆರಿಯಾದ ಚಕ್ರವರ್ತಿಯ ತಂದೆ. ಚಿನ್ನದ ನಾಣ್ಯದಲ್ಲಿ ಅಪ್ಪ, ಮಗ, ಮುಂದೆ ಮೊಮ್ಮಗನ ಮುಖಗಳು. ಹೊಸ ಬೆಳ್ಳಿ ನಾಣ್ಯ ಬಂತು, ಅದರಲ್ಲಿ ಮೆಟ್ಟಿಲ ಮೇಲೆ ನಿಂತ ಶಿಲುಬೆ, ಸುತ್ತ ಯೇಸು ಕ್ರಿಸ್ತ ಗೆಲ್ಲುತ್ತಾನೆ ಎಂಬ ಬರಹ. ಹೆಸರಿದೆ, ಮುಖ ಇಲ್ಲ. 843ರಲ್ಲಿ ಪಟಗಳು ಮರಳಿ ಬಂದ ಮೇಲೆ 3ನೇ ಮೈಕೇಲನ ಕಾಲದಲ್ಲಿ ಆ ಹಳೆಯ ಮುಖವನ್ನೇ ನೋಡಿ ಮತ್ತೆ ಅಚ್ಚು ಹಾಕಿದರು. ಸುಮಾರು 150 ವರ್ಷ ಹಳೆಯ ಮಾದರಿ. ಯಾರೋ ಒಂದು ನಾಣ್ಯ ಜೋಪಾನ ಮಾಡಿರಬೇಕು.

ಹಳೇನಕಾಶೆ ಅವರೇ, ಮುಂದಿನ ಸಲ ಹೋದಾಗ ಹಾಗಿಯಾ ಐರೀನ್ ಚರ್ಚು ನೋಡಿ. 740ರ ಭೂಕಂಪದ ನಂತರ ಮತ್ತೆ ಕಟ್ಟಿದ್ದು. ಅಲ್ಲಿ ಪೀಠದ ಮೇಲಿನ ಅರೆಗುಮ್ಮಟದಲ್ಲಿ ಚಿನ್ನದ ಹಿನ್ನೆಲೆಯ ಮೇಲೆ ಒಂದು ದೊಡ್ಡ ಶಿಲುಬೆ ಮಾತ್ರ ಇದೆ. ಹಿಯೆರಿಯಾದವರ ಮನಸ್ಸು ಹೇಗಿತ್ತು ಎನ್ನುವುದು ಅಲ್ಲಿ ನಿಂತರೆ ಗೊತ್ತಾಗುತ್ತದೆ. ಅದೂ ಒಂಥರಾ ಚೆಂದ.

ಪ್ರಶ್ನೆಗಾರ:

ನಾಣ್ಯದ ವಿಷಯ ಚೆನ್ನಾಗಿದೆ ಸರ್. 754ರ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. ಆ ಆರು ತಿಂಗಳು ಪೋಪ್ ಎಲ್ಲಿದ್ದ? 751ರಲ್ಲಿ ಲೊಂಬಾರ್ಡ್ ಜನಾಂಗದವರು ಇಟಲಿಯಲ್ಲಿ ಚಕ್ರವರ್ತಿಯ ಕೈಯಲ್ಲಿದ್ದ ರವೆನ್ನಾವನ್ನು ಹಿಡಿದುಕೊಂಡಿದ್ದರು, ಮುಂದಿನ ಸರದಿ ರೋಮ್. ಕಾನ್‌ಸ್ಟಾಂಟಿನೋಪಲ್‌ನಿಂದ ಸೇನೆ ಬರಲಿಲ್ಲ. ಪೋಪ್ 2ನೇ ಸ್ಟೀಫನ್ ಆಲ್ಪ್ಸ್ ದಾಟಿ ಫ್ರಾಂಕರ ದೊರೆ ಪಿಪ್ಪಿನ್ ಹತ್ತಿರ ಹೋದ. ಅವರು ಭೇಟಿಯಾದದ್ದು 754ರ ಜನವರಿ. ಇತ್ತ ಹಿಯೆರಿಯಾದಲ್ಲಿ ಸಭೆ ಮುಗಿಯುತ್ತಾ ಬಂದಿದ್ದ ಹೊತ್ತಿಗೆ, ಜುಲೈನಲ್ಲಿ, ಪೋಪ್ ಸೇಂಟ್ ಡೆನಿಸ್‌ನಲ್ಲಿ ಪಿಪ್ಪಿನ್‌ಗೂ ಅವನ ಮಕ್ಕಳಿಗೂ ಎಣ್ಣೆ ಹಚ್ಚಿ ದೊರೆತನಕ್ಕೆ ಆಶೀರ್ವಾದ ಕೊಟ್ಟ. ಆ ಮಕ್ಕಳಲ್ಲಿ ಒಬ್ಬ ಮುಂದೆ ಪಶ್ಚಿಮ ಯುರೋಪಿನ ಚಕ್ರವರ್ತಿ ಶಾರ್ಲಮೇನ್ ಆದ.

ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಬೇರೆಯಾದದ್ದಕ್ಕೆ ಜನ 1054 ಎಂದು ಬಾಯಿಪಾಠ ಹೇಳುತ್ತಾರೆ. ನನಗೆ 754 ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 769ರಲ್ಲಿ ರೋಮಿನ ಲ್ಯಾಟರನ್‌ನಲ್ಲಿ ಸಭೆ ಸೇರಿ ಹಿಯೆರಿಯಾದ ತೀರ್ಮಾನವನ್ನು ತಳ್ಳಿಹಾಕಿದರು.

ಕರಾವಳಿಹುಡುಗಿ:

ಒಂದು ಅನುಮಾನ. ಸಭೆಯ ಕಾಗದಪತ್ರ ಈಗಲೂ ಇವೆಯಾ? ಸೋತವರ ಮಾತನ್ನು ಗೆದ್ದವರು ಉಳಿಸುವುದು ಕಡಿಮೆ ಅಲ್ವಾ?

ಗ್ರೀಕ್_ಕಲಿತವ:

ತಂಗಿ, ಈ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು.

5ನೇ ಕಾನ್‌ಸ್ಟಂಟೈನ್ 775ರಲ್ಲಿ ತೀರಿಕೊಂಡ. ಮುಂದೆ ಅವನ ಸೊಸೆ ಐರೀನ್ ಕೈಗೆ ಅಧಿಕಾರ ಬಂತು. ಅವಳಿಗೆ ಪಟಗಳನ್ನು ಮರಳಿ ತರಬೇಕಿತ್ತು. 786ರಲ್ಲಿ ರಾಜಧಾನಿಯ ಪವಿತ್ರ ಪ್ರೇಷಿತರ ಚರ್ಚಿನಲ್ಲಿ ಸಭೆ ಕರೆದಳು. ಮಾವನ ಕಾಲದ ಸೈನಿಕರು ಕತ್ತಿ ಹಿರಿದು ಒಳಗೆ ನುಗ್ಗಿದರು, ಸಭೆ ಚದುರಿತು. ಅವಳು ಯುದ್ಧದ ನೆಪ ಹೇಳಿ ಆ ಪಡೆಗಳನ್ನು ಊರಿನಿಂದ ಹೊರಗೆ ಕಳಿಸಿ, ಆಯುಧ ಕಿತ್ತುಕೊಂಡಳು. ಮರುವರ್ಷ ನೈಸಿಯಾದಲ್ಲಿ ಸಭೆ ಸೇರಿತು. ಈ ಸಲ ಪೋಪ್ ಕಡೆಯವರೂ ಇದ್ದರು.

ಅದರ ಆರನೇ ದಿನದ ಕಲಾಪದಲ್ಲಿ ಹಿಯೆರಿಯಾದ ತೀರ್ಮಾನವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿದರು. ಓದಿದವನು ನಿಯೋಸಿಸೇರಿಯಾದ ಬಿಷಪ್ ಗ್ರೆಗೊರಿ. ಹಿಂದೆ ಪಟ ಬೇಡ ಅನ್ನುವವರ ಮುಂದಾಳಾಗಿದ್ದವನು ಅವನೇ. ಅವನು ಒಂದು ತುಂಡು ಓದುತ್ತಾನೆ, ಆಮೇಲೆ ಅದಕ್ಕೆ ಖಂಡನೆ ಓದುತ್ತಾರೆ. ಮತ್ತೆ ಒಂದು ತುಂಡು, ಮತ್ತೆ ಖಂಡನೆ. ಹಾಗೆ ಪೂರ್ತಿ. ಅದೆಲ್ಲ ಸಭೆಯ ದಾಖಲೆಗೆ ಸೇರಿತು.

ಆ ಸಭೆಯ 9ನೇ ನಿಯಮ, ಪಟಗಳ ವಿರುದ್ಧ ಬರೆದದ್ದನ್ನೆಲ್ಲ ತಂದೊಪ್ಪಿಸಬೇಕು ಎನ್ನುತ್ತದೆ. ಹಿಯೆರಿಯಾದ ಮೂಲ ದಾಖಲೆ ನಮಗೆ ಸಿಕ್ಕಿಲ್ಲ. ಆ 338 ಜನರ ಮಾತು ಈಗ ಓದಲು ಸಿಗುವುದು ಅವರನ್ನು ಖಂಡಿಸಿದವರ ಪುಟಗಳಲ್ಲೇ. ಒಂದೊಂದು ಸಾಲಿಗೂ ಉತ್ತರ ಕೊಡಬೇಕು ಎಂದು ಹಟ ಹಿಡಿದವರು ಒಂದೊಂದು ಸಾಲನ್ನೂ ಬರೆದುಕೊಳ್ಳಬೇಕಾಯಿತು.

ಪೂಜೆ ದೇವರಿಗೆ ಮಾತ್ರ, ಪಟಕ್ಕೆ ಗೌರವ ಎಂಬ ವ್ಯತ್ಯಾಸವನ್ನು ನಿಯಮವಾಗಿ ಬರೆದದ್ದೂ 787ರ ಸಭೆಯೇ. ಪ್ರಶ್ನೆಗಾರರ ವಾದಕ್ಕೆ ಇನ್ನೊಂದು ಆಧಾರ ಕೊಡುತ್ತೇನೆ. ಅದರ ಕೊನೆಯ ಕಲಾಪ ನೈಸಿಯಾದಲ್ಲಿ ನಡೆಯಲಿಲ್ಲ. ಎಲ್ಲರನ್ನೂ ರಾಜಧಾನಿಗೆ ಕರೆಸಿ, ಮ್ಯಾಗ್ನೌರಾ ಅರಮನೆಯಲ್ಲಿ ಐರೀನ್ ಮತ್ತು ಅವಳ ಮಗ ಸಹಿ ಹಾಕಿದರು. ಅರಮನೆಯಲ್ಲಿ ಆದ ಮಾತನ್ನು ಅರಮನೆಯಲ್ಲೇ ಅಳಿಸಿದರು.

ಹಳೇನಕಾಶೆ:

ಒಪ್ಪಿದೆ ಸರ್. ಮ್ಯಾಗ್ನೌರಾದ ಮುಂದೆ ನನ್ನ ವಾದ ನಿಲ್ಲುವುದಿಲ್ಲ. ದೂರದ ವಿಷಯ ಮಾತ್ರ ನಾನು ಬಿಡುವುದಿಲ್ಲ.

ಪ್ರಶ್ನೆಗಾರ:

ದೂರದ ಮಾತು ನಾನೂ ಒಪ್ಪುತ್ತೇನೆ. 787ರ ನಂತರವೂ ಇದು ಮುಗಿಯಲಿಲ್ಲ ಎನ್ನುವುದನ್ನು ಸೇರಿಸಿ. 815ರಲ್ಲಿ 5ನೇ ಲಿಯೋ ಹಿಯೆರಿಯಾದ ತೀರ್ಮಾನಕ್ಕೆ ಮತ್ತೆ ಜೀವ ಕೊಟ್ಟ. 843ರಲ್ಲಿ ಇನ್ನೊಬ್ಬ ರಾಣಿ ಥಿಯೊಡೊರಾ ಅದನ್ನು ನಿಲ್ಲಿಸಿದಳು. ಆ ವರ್ಷದ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಮೊದಲ ಭಾನುವಾರವನ್ನು ಆರ್ಥೊಡಾಕ್ಸ್ ಚರ್ಚುಗಳು ಇಂದಿಗೂ ಹಬ್ಬವಾಗಿ ಮಾಡುತ್ತವೆ.

ನಾಣ್ಯಪೆಟ್ಟಿಗೆ:

ಆ ಅರಮನೆಗೆ ಸಭೆ ಬಿಟ್ಟು ಬೇರೆ ಕಥೆಗಳೂ ಇವೆ. ಯಾರಾದರೂ ಬರೆಯಿರಿ.

ಹಳೇನಕಾಶೆ:

ನನಗೆ ಇಷ್ಟವಾದ ಎರಡು ಬರೆಯುತ್ತೇನೆ.

ಒಂದು ಹೆರಾಕ್ಲಿಯಸ್‌ನದು. ಪರ್ಷಿಯಾವನ್ನು ಗೆದ್ದ ಚಕ್ರವರ್ತಿ ಅವನು. ಕೊನೆಗಾಲದಲ್ಲಿ ಸಿರಿಯಾ ಅರಬರ ಪಾಲಾಯಿತು. ಸೋತು ಹಿಂದಿರುಗಿ ಹಿಯೆರಿಯಾಗೆ ಬಂದು ಉಳಿದ. ಎದುರಿಗೇ ರಾಜಧಾನಿ ಕಾಣುತ್ತದೆ, ದಾಟಲು ಆಗುತ್ತಿಲ್ಲ. ನೀರು ಕಂಡರೆ ಅವನಿಗೆ ಭಯ. ಹಬ್ಬಗಳಿಗೆ ಮಕ್ಕಳನ್ನು ಮಾತ್ರ ಕಳಿಸುತ್ತಿದ್ದ. ಕೊನೆಗೆ ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಸೇತುವೆ ಮಾಡಿದರು. ಎರಡೂ ಬದಿಗೆ ಸೊಪ್ಪು, ಕೊಂಬೆಗಳನ್ನು ಬೇಲಿಯ ಹಾಗೆ ನಿಲ್ಲಿಸಿದರು, ನೀರು ಕಣ್ಣಿಗೆ ಬೀಳಬಾರದು ಎಂದು. ಅವನು ಕುದುರೆ ಮೇಲೆ ದಾಟಿದ. ಆ ದಡದಲ್ಲಿ ಕೂತಾಗ ನನಗೆ ಜಾಸ್ತಿ ನೆನಪಾದದ್ದು ಇವನೇ.

ಇನ್ನೊಂದು ದ್ರಾಕ್ಷಿ ಕೊಯ್ಲು. 10ನೇ ಶತಮಾನದ ಅರಮನೆಯ ಪದ್ಧತಿಗಳ ಪುಸ್ತಕದಲ್ಲಿ ಇದು ಬರುತ್ತದೆ. ಹಿಯೆರಿಯಾದ ದ್ರಾಕ್ಷಿತೋಟಕ್ಕೆ ಚಕ್ರವರ್ತಿ, ಪೇಟ್ರಿಯಾರ್ಕ್, ಅಧಿಕಾರಿಗಳು ಎಲ್ಲ ಹೋಗುತ್ತಾರೆ. ಪೇಟ್ರಿಯಾರ್ಕ್ ಹಣ್ಣಿನ ಮೇಲೆ ಪ್ರಾರ್ಥನೆ ಹೇಳುತ್ತಾನೆ. ಆಮೇಲೆ ಚಕ್ರವರ್ತಿ ಒಬ್ಬೊಬ್ಬರಿಗೂ ತನ್ನ ಕೈಯಾರೆ ಗೊಂಚಲು ಕೊಡುತ್ತಾನೆ. ಪರಮಪ್ರಸಾದದ ರೊಟ್ಟಿ, ದ್ರಾಕ್ಷಾರಸವೇ ಯೇಸುವಿನ ನಿಜ ರೂಪ ಎಂದು ಹೇಳಿದ ನೆಲದಲ್ಲೇ ಇದು. ಹೊಸಬರಿಗೆ ಆ ಹಳೆಯ ಮಾತು ನೆನಪಿತ್ತೋ ಏನೋ.

ಕರಾವಳಿಹುಡುಗಿ:

ನಿನ್ನೆ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನಮ್ಮ ಪಟ ನೋಡಿದೆ. ಮಾತೆಯ ತಲೆಯ ಎರಡೂ ಬದಿಗೆ ಅಕ್ಷರಗಳಿವೆ. ಮಗುವಿನ ಪಕ್ಕದಲ್ಲಿ ಇನ್ನಷ್ಟು. ಮೇಲೆ ಇಬ್ಬರು ದೂತರು, ಅವರ ಹತ್ತಿರವೂ ಇವೆ. ಅಜ್ಜಿಯೂ ಎದ್ದು ಬಂದು ಪಕ್ಕದಲ್ಲಿ ನಿಂತರು. ಏನು ಬರೆದಿದೆ ಅಂತ ನನ್ನನ್ನೇ ಕೇಳುತ್ತಿದ್ದಾರೆ. ಅಣ್ಣ, ಹೇಳುತ್ತೀರಾ?

ಗ್ರೀಕ್_ಕಲಿತವ:

ಖಂಡಿತ. ಮಾತೆಯ ಎರಡು ಬದಿಯದು ದೇವರ ತಾಯಿ ಎನ್ನುವುದರ ಮೊಟಕು ಬರಹ. ಮಗುವಿನ ಪಕ್ಕದ್ದು ಯೇಸು ಕ್ರಿಸ್ತ. ನೋಡುವವರ ಎಡಗಡೆ ಇರುವವನು ಮಹಾದೂತ ಮಿಕಾಯೇಲ, ಅವನ ಕೈಯಲ್ಲಿ ಈಟಿ ಮತ್ತು ಸ್ಪಂಜು. ಬಲಗಡೆ ಗಬ್ರಿಯೇಲ, ಶಿಲುಬೆ ಮತ್ತು ಮೊಳೆಗಳನ್ನು ಹಿಡಿದಿದ್ದಾನೆ. ಮಗು ನೋಡುತ್ತಿರುವುದು ಅವನ ಕಡೆಗೆ. ಹೆದರಿ ತಾಯಿಯ ಕೈ ಹಿಡಿದುಕೊಂಡಿದೆ, ಅದಕ್ಕೇ ಚಪ್ಪಲಿ ಕಳಚಿದ್ದು ಎನ್ನುತ್ತಾರೆ. ಮೂಲ ಪಟ ಈಗ ರೋಮಿನಲ್ಲಿದೆ, ಬರೆದ ಶೈಲಿ ಬೈಜಾಂಟಿಯಮ್‌ನದು.

ಕರಾವಳಿಹುಡುಗಿ:

ಅಜ್ಜಿಗೆ ಓದಿ ಹೇಳಿದೆ. ಚಪ್ಪಲಿಯ ವಿಷಯ ಅವರಿಗೆ ಮೊದಲೇ ಗೊತ್ತಿತ್ತಂತೆ, ಅವರ ತಾಯಿ ಹೇಳಿದ್ದರಂತೆ. ದೂತರ ಹೆಸರು ಗೊತ್ತಿರಲಿಲ್ಲ. ಈಗ ಎರಡು ಸಲ ಹೇಳಿಸಿಕೊಂಡರು, ಎಡಗಡೆ ಯಾರು, ಬಲಗಡೆ ಯಾರು ಎಂದು.